ಕೇಂದ್ರಸ್ಥಾನ ಬಿಡದ ಸೈಕಲ್ಲು

ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್ಲಿಗೂ ಹೋಗಿರಲಿಲ್ಲ. ಮಲಗುವ ಕೋಣೆಯ ಕಿಟಕಿಗೂ ಬಟ್ಟೆಯ ಬೀರುವಿಗೂ ನಡುವಿನ ಆರಡಿ ಜಾಗದಲ್ಲಿ, ಬನಿಯನ್ನು ಹಾಕಿಕೊಂಡು, ಫ್ಯಾನಿನ ಎದುರಿಗೆ ಕೂತಿದ್ದೆ. ಇಷ್ಟು ಸರಳವಾದ ಸಂಗತಿಯನ್ನು ಒಪ್ಪಿಸಲು ನನಗೆ ಹದಿನೆಂಟು ದಿನ, ಮೂರು ಲಿಖಿತ ಹೇಳಿಕೆ ಮತ್ತು ಒಂದು ಅಳತೆ ಟೇಪು ಬೇಕಾಯಿತು. ಒಪ್ಪಿಸಿದ ಮೇಲೆ ಏನಾಯಿತು ಅಂತ ಕೇಳಿದರೆ ನಿಮಗೂ ಮೈ ಉರಿಯುತ್ತದೆ. ಉರಿಯದಿದ್ದರೆ ನೀವು ನಮ್ಮ ಕಚೇರಿಯವರೇ ಇರಬೇಕು.

ನಾನು ದಾಖಲೆ ವಿಭಾಗದಲ್ಲಿ ಹಿರಿಯ ಗುಮಾಸ್ತ. ಹನ್ನೊಂದು ವರ್ಷದಿಂದ ಹಿರಿಯ ಗುಮಾಸ್ತ. ನಮ್ಮ ವಿಭಾಗದ ಮೇಲ್ವಿಚಾರಕರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಸರದಿ ಪ್ರಕಾರ ಬರಬೇಕಾದವನು ನಾನು. ಮೇಲ್ವಿಚಾರಕರಿಗೆ ಕೈ ಇರುವ ಕುರ್ಚಿ ಕೊಡುತ್ತಾರೆ, ಗುಮಾಸ್ತರ ಕುರ್ಚಿಗೆ ಕೈ ಇರುವುದಿಲ್ಲ. ಹನ್ನೊಂದು ವರ್ಷದಿಂದ ನನ್ನ ಎರಡೂ ಮೊಣಕೈಗಳು ಗಾಳಿಯಲ್ಲಿವೆ. ಆ ಕುರ್ಚಿಯ ಎಡಗೈಯ ರೆಕ್ಸಿನ್ ಎರಡಂಗುಲ ಹರಿದಿದೆ. ಅದಕ್ಕೆ ಯಾವ ಬಣ್ಣದ ತೇಪೆ ಹಾಕಿಸಬೇಕು ಅಂತ ಕೂಡ ನಾನು ಯೋಚಿಸಿಟ್ಟಿದ್ದೆ.

ಅಂಥ ಹೊತ್ತಿನಲ್ಲಿ ಮಂಡಿ ಹಿಡಿದುಕೊಂಡಿತು. ಡಾಕ್ಟರು ಹತ್ತು ದಿನ ರಜ ಹಾಕಿ ಅಂದರು. "ಸೈಕಲ್ ತುಳೀರಿ, ಮಂಡಿ ಸಡಿಲ ಆಗತ್ತೆ. ಆದ್ರೆ ರಸ್ತೇಲಿ ಬೇಡ. ನಿಮ್ಮನ್ನ ನೋಡಿದ್ರೆ ಬೀಳೋರ ಥರ ಕಾಣ್ತೀರಿ" ಅಂತ ಸೇರಿಸಿದರು. ಬೀಳುವವರ ಥರ ಕಾಣುವುದು ಎಂದರೇನು ಅಂತ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದುಬಿಟ್ಟರು.

ಈ ಸುದ್ದಿ ನನ್ನ ಹೆಂಡತಿಯ ಬಾಯಿಂದ ಅವಳ ತಮ್ಮನ ಕಿವಿಗೆ ಬೀಳಲು ಒಂದು ಗಂಟೆ ಹಿಡಿಯಿತು. ನನ್ನ ಬಾಮೈದ ಯಾವುದನ್ನಾದರೂ ಕೊಳ್ಳುವುದರಲ್ಲಿ ನಿಸ್ಸೀಮ, ಬಳಸುವುದರಲ್ಲಿ ಅಲ್ಲ. ಎರಡು ವರ್ಷದ ಹಿಂದೆ ಅವನು ಸ್ಮಾರ್ಟ್ ಟ್ರೇನರ್ ಎಂಬ ಕಬ್ಬಿಣದ ಯಂತ್ರವೊಂದನ್ನು ತಂದಿದ್ದ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಆ ಜಾಗಕ್ಕೆ ಇದನ್ನು ಕೂಡಿಸಿದರೆ ಸೈಕಲ್ಲು ನಿಂತಲ್ಲೇ ನಿಲ್ಲುತ್ತದೆ, ತುಳಿಯುವವನು ಮಾತ್ರ ಬೆವರುತ್ತಾನೆ. ಬಾಮೈದ ಅದನ್ನು ನಾಲ್ಕು ದಿನ ತುಳಿದು ಆಮೇಲೆ ಅದರ ಮೇಲೆ ಟವೆಲ್ಲು ಒಣಗಿಸುತ್ತಿದ್ದ. ಈಗ ಅದನ್ನು ಸೈಕಲ್ಲಿನ ಸಮೇತ ನಮ್ಮನೆಗೆ ಹೊತ್ತು ತಂದ. "ಭಾವ, ಬರೀ ತುಳಿದ್ರೆ ಬೇಜಾರಾಗತ್ತೆ. ಇದಕ್ಕೆ ಒಂದು ಆ್ಯಪ್ ಬೇಕು. ನಿಮ್ಮ ಫೋನಿಗೆ ಮೂರು ಹಾಕ್ಕೊಡ್ತೀನಿ, ಒಂದು ತಿಂಗಳು ಪುಕ್ಕಟೆ. ಅಷ್ಟರೊಳಗೆ ಒಂದನ್ನ ಆರಿಸ್ಕೊಳಿ, ಉಳಿದೆರಡು ತೆಗೆದುಬಿಡಿ" ಅಂದ.

ಹಾಕುವಾಗ ಆ ಆ್ಯಪುಗಳು ಏನೇನೋ ಕೇಳಿದವು. ಬಾಮೈದ ಎಲ್ಲಕ್ಕೂ "ಆಗಲಿ", "ಆಗಲಿ", "ಆಗಲಿ" ಅಂತ ಒತ್ತುತ್ತಾ ಹೋದ. ಯಾವುದಕ್ಕೆ ಒತ್ತುತ್ತಿದ್ದೀಯೋ ಅಂತ ಕೇಳಿದೆ. "ಅದನ್ನೆಲ್ಲ ಯಾರೂ ಓದಲ್ಲ ಭಾವ" ಅಂದ. ಓದದೆ ಒಪ್ಪಿಗೆ ಕೊಡುವವನು ನಮ್ಮ ಕಚೇರಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಿರ್ದೇಶಕನಾಗಿರುತ್ತಿದ್ದ.

ಮೊದಲನೆಯ ಆ್ಯಪು ಬೊಂಬೆಗಳದ್ದು. ಸಮುದ್ರದ ನಡುವೆ ಒಂದು ದ್ವೀಪ, ಅದರಲ್ಲಿ ಬಣ್ಣಬಣ್ಣದ ಬೊಂಬೆಗಳು ಸೈಕಲ್ ತುಳಿಯುತ್ತವೆ. ಅದರಲ್ಲಿ ಒಂದು ಬೊಂಬೆ ನಾನು. ಉಳಿದವರೆಲ್ಲ ಲೋಕದ ಎಲ್ಲೆಲ್ಲೋ ಕೋಣೆಗಳಲ್ಲಿ ಕೂತು ತುಳಿಯುವ ನಿಜವಾದ ಜನವಂತೆ. ಅದು ನನ್ನ ತೂಕ ಕೇಳಿತು. ತೂಕ ಹೆಚ್ಚಿದ್ದಷ್ಟೂ ಬೊಂಬೆ ನಿಧಾನವಂತೆ, ನಾನು ಸತ್ಯವನ್ನೇ ಬರೆದೆ. ಅಲ್ಲಿಂದ ಶುರುವಾಯಿತು ನೋಡಿ, ದ್ವೀಪದಲ್ಲಿದ್ದವರೆಲ್ಲ ನನ್ನನ್ನು ಹಿಂದೆ ಹಾಕಿದರು. "ಎಪ್ಪತ್ತೆರಡರ ಅಜ್ಜಿ" ಅಂತ ಹೆಸರಿಟ್ಟುಕೊಂಡ ಒಬ್ಬಾಕೆ ನನ್ನನ್ನು ಎರಡು ಸಲ ದಾಟಿಹೋದಳು, ಎರಡನೆಯ ಸಲ ಹೆಬ್ಬೆರಳು ಎತ್ತಿ ತೋರಿಸಿದಳು. ಗಾಯದ ಮೇಲೆ ಬರೆ ಅಂದರೆ ಇದೇ. ಆ ಆ್ಯಪನ್ನು ಅಂದೇ ಮುಚ್ಚಿದೆ.

ಮೂರನೆಯದು ಬೈಗುಳದ್ದು. ಅದರಲ್ಲಿ ಊರಿಲ್ಲ, ರಸ್ತೆಯಿಲ್ಲ. ಕಪ್ಪು ಪರದೆಯ ಮೇಲೆ ಗೆರೆಗಳು, ಅಂಕಿಗಳು, ಜೊತೆಗೆ ತರಬೇತುದಾರನ ದನಿ. ಭಾಷೆ ಯಾವುದು ಬೇಕು ಅಂತ ಕೇಳಿತು, ಕನ್ನಡ ಅಂತ ಒತ್ತಿದೆ. ಯಾವ ಯಂತ್ರ ಅನುವಾದ ಮಾಡಿತ್ತೋ, "ಎಲೈ ಸೋಮಾರಿಯೇ, ನಿನ್ನ ಕಾಲುಗಳನ್ನು ಕೊಲ್ಲು. ನೀನು ಮುಂದೆ ಹೋಗಬಲ್ಲೆ" ಅಂತ ಗದರಿತು. ನಾನು ಐವತ್ತೆರಡು ವರ್ಷದವನು. ನನ್ನನ್ನು ಏಕವಚನದಲ್ಲಿ ಕರೆಯುವ ಹಕ್ಕು ನನ್ನ ಅತ್ತಿಗೆಗೆ ಬಿಟ್ಟರೆ ಯಾರಿಗೂ ಇಲ್ಲ. ಅದನ್ನೂ ಮುಚ್ಚಿದೆ.

ಉಳಿದದ್ದು ಎರಡನೆಯದು, ವಿಡಿಯೋದ್ದು. ಯಾರೋ ಪುಣ್ಯಾತ್ಮರು ಪರದೇಶದ ನಿಜವಾದ ರಸ್ತೆಗಳನ್ನು ಕ್ಯಾಮರಾದಲ್ಲಿ ಹಿಡಿದಿಟ್ಟಿದ್ದಾರೆ. ನಾವು ತುಳಿದಂತೆ ರಸ್ತೆ ಮುಂದೆ ಸರಿಯುತ್ತದೆ, ಏರು ಬಂದರೆ ಪೆಡಲ್ಲು ಬಿಗಿಯಾಗುತ್ತದೆ. ಅದರಲ್ಲಿ ನಲವತ್ತೆಂಟು ತಿರುವುಗಳ ಒಂದು ಘಾಟಿ ಇತ್ತು. ನನ್ನ ಹೆಂಡತಿ ಮಂಚದ ತುದಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದಳು. "ಇದೇ ಇಟ್ಕೊಳಿ. ಆ ಹೂವಿನ ಕುಂಡ ಇಟ್ಟಿರೋ ಮನೆ ಹತ್ರ ಸ್ವಲ್ಪ ನಿಧಾನ ತುಳೀರಿ, ಸರಿಯಾಗಿ ನೋಡಕ್ಕಾಗ್ಲಿಲ್ಲ" ಅಂದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಾನು ಅವಳನ್ನು ಕರೆದುಕೊಂಡು ಹೋದ ಅತಿ ದೂರದ ಪ್ರವಾಸ ಅದು.

ರಜೆಯ ಐದನೆಯ ದಿನ ಬೆಳಿಗ್ಗೆ ನಲವತ್ತೆಂಟನೆಯ ತಿರುವು ಮುಟ್ಟಿದೆ. ಬೆವರು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರೆ ಎದುರು ಮನೆಯ ಹೆಡ್‌ಮಾಸ್ಟರು ನಿಂತಿದ್ದರು. ನಿವೃತ್ತರಾಗಿ ಎಂಟು ವರ್ಷವಾದರೂ ಕಟ್ಟಡದವರೆಲ್ಲ ಅವರನ್ನು ಕಂಡರೆ ಕೈ ಕಟ್ಟಿಕೊಳ್ಳುತ್ತಾರೆ.

"ಏನ್ರೀ, ಇಷ್ಟೊಂದು ಬೆವರು?"

ಸಾರ್, ಕೋಣೆಯಲ್ಲಿ ಕೂತು ಸೈಕಲ್ ತುಳಿದೆ ಅಂದಿದ್ದರೆ ಮುಗಿಯುತ್ತಿತ್ತು. ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ ನಾನು, "ಘಾಟಿ ಹತ್ತಿ ಬಂದೆ ಸಾರ್. ನಲವತ್ತೆಂಟು ತಿರುವು" ಅಂದುಬಿಟ್ಟೆ. ಪರದೇಶದ ಘಾಟಿಯ ಹೆಸರನ್ನೂ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೆಳಗಿಳಿದು ಹೋದರು. ಮಧ್ಯಾಹ್ನ ನೋಡಿದರೆ ಕೆಳಗೆ ಕಟ್ಟಡದ ಸೂಚನೆಗಳ ಕರಿಹಲಗೆಯ ಮೇಲೆ, ನೀರಿನ ಟ್ಯಾಂಕು ತೊಳೆಯುವ ದಿನಾಂಕವನ್ನು ಅಳಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು: "ನಮ್ಮ ಕಟ್ಟಡದ ಹೆಮ್ಮೆ. ಎರಡನೆಯ ಮಹಡಿಯ ನಿವಾಸಿಯಿಂದ ಪರದೇಶದ ಘಾಟಿಯ ಆರೋಹಣ. ಮಕ್ಕಳು ಇದನ್ನು ನೋಡಿ ಕಲಿಯತಕ್ಕದ್ದು."

ಅಳಿಸಿ ಅಂತ ಹೇಳಲು ಹೋದವನು ಇನ್ನೊಮ್ಮೆ ಓದಿದೆ. ಅಕ್ಷರ ಚೆನ್ನಾಗಿತ್ತು. ಸಂಜೆಯವರೆಗೆ ಇರಲಿ ಅಂತ ಬಿಟ್ಟೆ.

ಮಾರನೆಯ ದಿನ ಸಾಹೇಬರ ಫೋನು ಬಂತು. ಸಾಹೇಬರೆಂದರೆ ನಮ್ಮ ಕಚೇರಿಯ ಮುಖ್ಯಸ್ಥರು, ಕೈ ಇರುವ ಕುರ್ಚಿಗಳನ್ನೆಲ್ಲ ಹಂಚುವವರು.

"ಏನ್ರೀ, ಮಂಡಿ ಹೇಗಿದೆ?"

"ಪರವಾಗಿಲ್ಲ ಸಾರ್. ಮೆಟ್ಟಿಲು ಹತ್ತೋದು ಸ್ವಲ್ಪ ಕಷ್ಟ."

"ಮೆಟ್ಟಿಲು ಕಷ್ಟ, ಘಾಟಿ ಸಲೀಸು, ಅಲ್ವಾ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಫೋನಿಗೆ ಬಂದ ಸಂದೇಶವನ್ನು ಗಟ್ಟಿಯಾಗಿ ಓದಿದರು: "ನಿಮ್ಮ ಸ್ನೇಹಿತನು ಈಗ ಘಾಟಿಯ ನೆತ್ತಿಯಲ್ಲಿದ್ದಾನೆ. ಅವನಿಗೆ ಚಪ್ಪಾಳೆ ಕೊಡಿರಿ." ಬಾಮೈದ ಒತ್ತಿದ "ಆಗಲಿ"ಗಳಲ್ಲಿ ಒಂದು ಇದು. ನನ್ನ ಫೋನಿನಲ್ಲಿ ಹೆಸರಿದ್ದವರಿಗೆಲ್ಲ, ಹಾಲಿನವನಿಂದ ಸಾಹೇಬರವರೆಗೆ, ಆ ಎರಡನೆಯ ಆ್ಯಪು ಡಂಗುರ ಹೊಡೆದಿತ್ತು.

"ಸಾರ್, ಅದು ಸುಳ್ಳು ಘಾಟಿ" ಅಂದೆ.

"ಅದು ಹೇಗ್ರೀ ಸುಳ್ಳಾಗತ್ತೆ? ನಾನು ಚಪ್ಪಾಳೆ ಕೊಟ್ಟಿದೀನಿ."

"ಕೊಟ್ರೆ ಏನಾಯ್ತು ಸಾರ್?"

"ಚಪ್ಪಾಳೆ ಕೊಟ್ಟ ಮೇಲೆ ವಿಷಯ ನನ್ನ ಗಮನಕ್ಕೆ ಬಂದ ಹಾಗಾಯ್ತು. ಗಮನಕ್ಕೆ ಬಂದ ಮೇಲೆ ನಾನು ಕ್ರಮ ತಗೊಳ್ಳದೆ ಸುಮ್ಮನಿದ್ರೆ ನಾಳೆ ನನ್ನ ಮೇಲೇ ಬರತ್ತೆ. ಒಳ್ಳೆ ಮನುಷ್ಯರು ಕಣ್ರೀ ನೀವು, ಯಾಕೆ ಹೀಗೆ ಮಾಡ್ಕೊಂಡ್ರಿ?"

ಸಂಜೆಗೆ ನೋಟಿಸು ಬಂತು. ನಮ್ಮ ಕಚೇರಿಯಲ್ಲಿ ಕೇಂದ್ರಸ್ಥಾನ ಅಂತ ಒಂದಿದೆ, ಅಂದರೆ ಕೆಲಸ ಮಾಡುವ ಊರು. ರಜೆಯಲ್ಲಿದ್ದರೂ ಲಿಖಿತ ಅನುಮತಿ ಇಲ್ಲದೆ ಅದರ ಗಡಿ ದಾಟುವಂತಿಲ್ಲ. ನೋಟಿಸಿನಲ್ಲಿ ಹೀಗಿತ್ತು: "ತಾವು ಮಂಡಿನೋವಿನ ನಿಮಿತ್ತ ರಜೆಯಲ್ಲಿದ್ದು, ಪೂರ್ವಾನುಮತಿ ಪಡೆಯದೆ ಕೇಂದ್ರಸ್ಥಾನ ತೊರೆದು, ಪರದೇಶದ ಘಾಟಿಯೊಂದನ್ನು ಅದೇ ಮಂಡಿಯಿಂದ ಹತ್ತಿರುವುದು ಕಂಡುಬಂದಿರುತ್ತದೆ. ತಮ್ಮ ಬಡ್ತಿಯನ್ನು ಏಕೆ ತಡೆಹಿಡಿಯಬಾರದು ಎಂಬುದಕ್ಕೆ ಕಾರಣ ನೀಡುವುದು." ಅದೇ ಮಂಡಿಯಿಂದ ಎಂಬ ಮಾತಿನ ಕೆಳಗೆ ಗೆರೆ ಬೇರೆ ಎಳೆದಿದ್ದರು.

ಬೆಳಿಗ್ಗೆ ಐದಕ್ಕೆ ಪರದೇಶದ ಘಾಟಿ ಹತ್ತಿ ಏಳಕ್ಕೆ ಮನೆಯ ಬಾಗಿಲಲ್ಲಿ ಬೆವರು ಒರೆಸಿಕೊಳ್ಳಲು ನನಗೇನು ರೆಕ್ಕೆ ಇದೆಯೇ? ಇದನ್ನು ಯಾರೂ ಯೋಚಿಸಲಿಲ್ಲ. ನಾನು ಮೂರು ಪುಟದ ಹೇಳಿಕೆ ಬರೆದೆ, ಅರ್ಥವಾಗಲಿಲ್ಲ ಅಂತ ವಾಪಸ್ಸು ಬಂತು. ಚಿತ್ರ ಬಿಡಿಸಿ ಬರೆದೆ, ಚಿತ್ರಕ್ಕೆ ದೃಢೀಕರಣ ಇಲ್ಲ ಅಂತ ವಾಪಸ್ಸು ಬಂತು. ಮೂರನೆಯ ಸಲ ಒಂದೇ ಸಾಲು ಬರೆದೆ: "ನಾನು ಎಲ್ಲಿಗೂ ಹೋಗಿಲ್ಲ, ಬಂದು ನೋಡಿ." ಬಂದು ನೋಡಲು ತನಿಖಾಧಿಕಾರಿಯನ್ನು ನೇಮಿಸಿದರು.

ತನಿಖಾಧಿಕಾರಿಯನ್ನು ಕಚೇರಿಯಲ್ಲಿ ಎಲ್ಲರೂ ಸದರಿ ಸಾಹೇಬರು ಅನ್ನುತ್ತಾರೆ. ಮೂವತ್ತು ವರ್ಷ ವರದಿ ಬರೆದೂ ಬರೆದೂ ಅವರ ಬಾಯಲ್ಲಿ ಸದರಿ ಎಂಬ ಮಾತು ಬಾರದೆ ಯಾವ ವಾಕ್ಯವೂ ಹೊರಡುವುದಿಲ್ಲ. ಹೆಂಡತಿಯನ್ನು ಪರಿಚಯಿಸುವಾಗಲೂ ಸದರಿಯವರು ನಮ್ಮ ಮನೆಯವರು ಅಂದಿದ್ದರಂತೆ. ಆದರೆ ಪ್ರಾಮಾಣಿಕರು. ಕಂಡದ್ದನ್ನು ಕಂಡಹಾಗೆ ಬರೆಯುತ್ತಾರೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಪುಣ್ಯ ಅಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ನಾನು ರಜ ಮುಗಿಸಿ ಕೆಲಸಕ್ಕೆ ಹೋಗತೊಡಗಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ಅವರು ಕಡತ, ಸೀಮೆಸುಣ್ಣ, ಅಳತೆ ಟೇಪು ಹಿಡಿದು ಮನೆಗೆ ಬಂದರು. ಮೊದಲ ಸಾಕ್ಷಿ ಹೆಡ್‌ಮಾಸ್ಟರು.

"ಸದರಿ ನೌಕರರು ಘಾಟಿ ಹತ್ತಿರುವುದು ತಮಗೆ ಹೇಗೆ ಗೊತ್ತು?"

"ಅವರೇ ಬಾಯಾರೆ ಹೇಳಿದರು. ನಲವತ್ತೆಂಟು ತಿರುವು ಅಂತ ಲೆಕ್ಕ ಸಮೇತ ಹೇಳಿದರು."

"ಸಾರ್, ನಾನು ತಮಾಷೆಗೆ ಅಂದೆ" ಅಂದೆ.

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದವನು. ಕಳೆದ ವಾರ ಇಲ್ಲಿನ ಹದಿನೇಳು ಮಕ್ಕಳನ್ನ ಕೂರಿಸ್ಕೊಂಡು ನಿಮ್ಮ ಮೇಲೆ ಪ್ರಬಂಧ ಬರೆಸಿದೀನಿ. ಈಗ ಹೇಳಿ, ಹತ್ತಿದ್ರೋ ಇಲ್ವೋ?"

ಹತ್ತಿದೆ ಅಂದರೆ ಕುರ್ಚಿ ಹೋಗುತ್ತದೆ, ಇಲ್ಲ ಅಂದರೆ ಮಾನ ಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹನ್ನೊಂದು ವರ್ಷ ಗಾಳಿಯಲ್ಲಿದ್ದ ಮೊಣಕೈಗಳನ್ನು ನೆನೆದು, "ಇಲ್ಲ ಸಾರ್, ಹತ್ತಿಲ್ಲ" ಅಂದೆ. ಹೆಡ್‌ಮಾಸ್ಟರು ಎದ್ದು ಕೆಳಗೆ ಹೋದರು. ಕರಿಹಲಗೆ ಒರೆಸುವ ಸದ್ದು ಎರಡನೆಯ ಮಹಡಿಗೂ ಕೇಳಿಸಿತು.

ಎರಡನೆಯ ಸಾಕ್ಷಿ ನನ್ನ ಹೆಂಡತಿ.

"ಸದರಿ ತಮ್ಮ ಯಜಮಾನರು ರಜೆಯಲ್ಲಿ ಎಲ್ಲಾದರೂ ಹೋಗಿದ್ದರೇ?"

"ಇವರಾ? ಎಲ್ಲಿಗ್ ಹೋಗ್ತಾರೆ ಸಾರ್? ರಜೆಲಿ ಅಷ್ಟೇ ಅಲ್ಲ, ಮದುವೆ ಆದಾಗಿಂದ ಎಲ್ಲಿಗೂ ಹೋಗಿಲ್ಲ, ನನ್ನೂ ಕರ್ಕೊಂಡು ಹೋಗಿಲ್ಲ. ಬರ್ಕೊಳಿ ಸಾರ್, ಇಪ್ಪತ್ತಾರು ವರ್ಷ ಅಂತ ಬರ್ಕೊಳಿ."

ಅವರು ಬರೆದುಕೊಂಡರು. ನನ್ನ ಪರವಾಗಿ ಅಷ್ಟು ಬಲವಾದ ಸಾಕ್ಷಿ ಇನ್ನೊಂದಿರಲಿಲ್ಲ, ಆದರೂ ಇಪ್ಪತ್ತಾರನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಿರಲಿಲ್ಲ.

ಆಮೇಲೆ ಸ್ಥಳ ಪರಿಶೀಲನೆ. ಸದರಿ ಸಾಹೇಬರು ಮಂಡಿಯೂರಿ ಕೂತು, ಸೈಕಲ್ಲಿನ ಮುಂದಿನ ಚಕ್ರ ನೆಲ ಮುಟ್ಟುವಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಗೋಡೆಯಿಂದ ಗೆರೆಗೆ ಎರಡಡಿ ನಾಲ್ಕಂಗುಲ, ಬರೆದುಕೊಂಡರು. "ಈಗ ತುಳಿಯಿರಿ" ಅಂದರು. ನಾನು ಆ ನಲವತ್ತೆಂಟು ತಿರುವಿನ ಘಾಟಿಯನ್ನೇ ಹಾಕಿ ತುಳಿದೆ. ಏರು ಬಂತು, ಪೆಡಲ್ಲು ಬಿಗಿಯಾಯಿತು, ಮಂಡಿ ಕಟಕಟ ಅಂದಿತು. ಅವರು ಮಂಚದ ಮೇಲೆ ಕೂತು ಪರದೆ ನೋಡುತ್ತಿದ್ದರು. ಹದಿನೇಳನೆಯ ತಿರುವಿನಲ್ಲಿ ಎದುರಿಂದ ಒಂದು ಲಾರಿ ಬಂದಾಗ ಕಡತವನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದರು. ಹೂಕುಂಡದ ಮನೆ ಬಂದಾಗ ನನ್ನ ಹೆಂಡತಿ, "ಇದೇ ಸಾರ್, ನಾನು ಹೇಳಿದ್ದು" ಅಂದಳು. "ಸದರಿ ಮನೆ ಸೊಗಸಾಗಿದೆ" ಅಂದರು ಅವರು.

ಮುಕ್ಕಾಲು ಗಂಟೆ ತುಳಿದು ಇಳಿದಾಗ ನನ್ನ ಕಾಲು ನನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ. ಅವರು ಮತ್ತೆ ಟೇಪು ಹಿಡಿದರು. ಎರಡಡಿ ನಾಲ್ಕಂಗುಲ. ಇನ್ನೊಮ್ಮೆ ಅಳೆದರು. ಎರಡಡಿ ನಾಲ್ಕಂಗುಲ.

"ಅದ್ಭುತ" ಅಂದರು. "ಇಷ್ಟು ತುಳಿದರೂ ಒಂದಂಗುಲ ಸರಿದಿಲ್ಲ. ಚಿಂತೆ ಬಿಡಿ, ನೀವು ನಿರಪರಾಧಿ. ಕಂಡದ್ದನ್ನು ಕಂಡಹಾಗೆ ಬರೀತೀನಿ." ಹೊರಡುವ ಮುಂಚೆ ದನಿ ತಗ್ಗಿಸಿ, "ಸದರಿ ಆ್ಯಪುಗಳಲ್ಲಿ ಯಾವುದು ಒಳ್ಳೇದು? ನನಗೂ ಸಕ್ಕರೆ ಇದೆ, ಮಗ ತಂದಿಟ್ಟ ಇಂಥದ್ದೇ ಯಂತ್ರವೂ ಮನೇಲಿದೆ" ಅಂತ ಕೇಳಿದರು. ನಾನು ಎರಡನೆಯದನ್ನು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಅವರ ಫೋನಿಗೆ ಹಾಕಿಕೊಟ್ಟೆ. ಅದು ಕೇಳಿದ್ದಕ್ಕೆಲ್ಲ ನಾನೇ "ಆಗಲಿ" ಒತ್ತಿದೆ.

ತಿಂಗಳ ಕೊನೆಯ ದಿನ ಸಾಹೇಬರು ಕರೆಸಿದರು. ಮೇಜಿನ ಮೇಲೆ ವರದಿ ಇತ್ತು. ಅವರ ಮುಖ ನೋಡಿ ನಾನು ಖುಷಿಯಾಗಿಬಿಟ್ಟೆ, ಏಕೆಂದರೆ ಅವರು ನಗುತ್ತಿದ್ದರು.

"ಆರೋಪ ಬಿದ್ದುಹೋಯ್ತು ಕಣ್ರೀ. ಓದಿ ನೋಡಿ."

ಓದಿದೆ. "ಸದರಿ ನೌಕರರನ್ನು ಸುದೀರ್ಘ ಕಾಲ ಖುದ್ದಾಗಿ ಪರಿಶೀಲಿಸಲಾಯಿತು. ಸದರಿಯವರು ಎಷ್ಟೇ ಶ್ರಮಪಟ್ಟರೂ ಇದ್ದ ಜಾಗದಿಂದ ಒಂದಂಗುಲವೂ ಮುಂದೆ ಹೋಗುವುದಿಲ್ಲ ಎಂಬುದು ಅಳತೆಯಿಂದ ದೃಢಪಟ್ಟಿದೆ. ಕಳೆದ ಇಪ್ಪತ್ತಾರು ವರ್ಷಗಳಿಂದಲೂ ಸದರಿಯವರು ಎಲ್ಲಿಗೂ ಹೋಗಿರುವುದಿಲ್ಲವೆಂದು ಅವರ ಪತ್ನಿಯೇ ತಿಳಿಸಿರುತ್ತಾರೆ. ಮುಂದೆ ಹೋಗುವ ಸಾಧ್ಯತೆಯೂ ಕಂಡುಬರುವುದಿಲ್ಲ."

"ತುಂಬ ಉಪಕಾರ ಆಯ್ತು ಸಾರ್. ಹಾಗಾದ್ರೆ ಬಡ್ತಿ?"

ಸಾಹೇಬರ ನಗು ಅಲ್ಲೇ ನಿಂತಿತು. "ಅದೇ ನೋಡಿ. ಈ ವರದಿ ನಿಮ್ಮ ಸೇವಾ ಪುಸ್ತಕಕ್ಕೆ ಸೇರ್ತು. ಬಡ್ತಿ ಸಮಿತಿಯವರು ಪೂರ್ತಿ ಎಲ್ಲಿ ಓದ್ತಾರೆ, ಕೊನೇ ಪುಟ ನೋಡಿದ್ರು. ಮುಂದೆ ಹೋಗೋ ಸಾಧ್ಯತೆ ಇಲ್ಲ ಅಂತ ತನಿಖೆ ಮಾಡಿ, ಅಳತೆ ತಗೊಂಡು, ಹೆಂಡ್ತಿ ಸಾಕ್ಷಿ ಸಮೇತ ಬರೆದಿರುವಾಗ ಅವರಾದ್ರೂ ಏನ್ ಮಾಡ್ತಾರೆ?"

"ಸಾರ್, ಅದು ಸೈಕಲ್ ವಿಷಯ."

"ಸೈಕಲ್ ಅನ್ನೋ ಮಾತು ಆ ಪುಟದಲ್ಲಿ ಎಲ್ಲಿದೆ ತೋರಿಸಿ."

ಮೇಲಿಂದ ಕೆಳಗೆ ಹುಡುಕಿದೆ. ಇರಲಿಲ್ಲ. ಎಲ್ಲ ಕಡೆ ಸದರಿ ಇತ್ತು.

ಕುರ್ಚಿ ಯಾರಿಗೆ ಹೋಯಿತು ಅಂತ ನಾನು ಕೇಳಲಿಲ್ಲ. ನನ್ನ ಮೇಜಿಗೆ ಬಂದು ಕೂತು, ಕೈಯಿಲ್ಲದ ಕುರ್ಚಿಯಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟರಲ್ಲಿ ಕಚೇರಿಯ ಎಲ್ಲರ ಫೋನುಗಳೂ ಒಟ್ಟಿಗೆ ಟಿಣ್ ಅಂದವು. "ನಿಮ್ಮ ಸ್ನೇಹಿತನು ಈಗ ಘಾಟಿಯ ನೆತ್ತಿಯಲ್ಲಿದ್ದಾನೆ. ಅವನಿಗೆ ಚಪ್ಪಾಳೆ ಕೊಡಿರಿ." ಹೊಟ್ಟೆನೋವು ಅಂತ ಅಂದು ರಜ ಹಾಕಿದ್ದ ಸದರಿ ಸಾಹೇಬರು. ಒಳಗಿನಿಂದ ಸಾಹೇಬರು ಚಪ್ಪಾಳೆ ಒತ್ತಿದ ಸದ್ದು ನನಗೆ ಕೇಳಿಸಿತು ಅಂತ ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ನಾನು ಇಪ್ಪತ್ತಾರು ವರ್ಷ ಅಂತ ಹೇಳಬಾರದಿತ್ತು" ಅಂದಳು. ನೀನು ಹೇಳಿದ್ದು ನಿಜ ತಾನೇ ಅಂದೆ. ಅವಳು ಬಿಡಿಸಿದ ಸೊಪ್ಪನ್ನು ಒಳಗಿಟ್ಟು ಬಂದಳು. ಆಮೇಲೆ, "ಪುಕ್ಕಟೆ ತಿಂಗಳು ಇವತ್ತಿಗೆ ಮುಗೀತು. ಯಾವ ಆ್ಯಪ್ ಇಟ್ಕೊಳ್ಳೋದು ಅಂತ ಹೇಳಿ, ನನ್ನ ತಮ್ಮ ಫೋನ್ ಮಾಡ್ತಾ ಇದಾನೆ" ಅಂದಳು.

"ಮೂರನೇದು" ಅಂದೆ.

"ಅದು ಬೈಯತ್ತಲ್ರೀ. ನೋಡಕ್ಕೆ ಒಂದು ಮನೆ ಕೂಡ ಇಲ್ಲ."

"ಬೈಯಲಿ" ಅಂದೆ. ಬನಿಯನ್ನು ಹಾಕಿಕೊಂಡು, ಸೀಮೆಸುಣ್ಣದ ಗೆರೆಯ ಮೇಲೆ ನಿಂತಿದ್ದ ಸೈಕಲ್ಲನ್ನು ಹತ್ತಿ, ಫ್ಯಾನು ಹಾಕಿದೆ. ಪರದೆ ಕಪ್ಪಗಾಯಿತು.

"ಎಲೈ ಸೋಮಾರಿಯೇ" ಅಂದಿತು ಅದು. "ನೀನು ಮುಂದೆ ಹೋಗಬಲ್ಲೆ."

ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಏಕವಚನವನ್ನು ಹೊಟ್ಟೆಗೆ ಹಾಕಿಕೊಂಡು ತುಳಿಯತೊಡಗಿದೆ.